ನೀರು ಕೊರೆದ ನಾಡಿನಲ್ಲಿ ನಡಿಗೆ

ಫ್ರಾನ್ಸಿಗೆ ಹೊರಟವರು ‘ಪ್ಯಾರಿಸ್ ಬಿಟ್ಟು ಇನ್ನೆಲ್ಲಿ ಉಳಿಯೋಣ’ ಎಂದು ಕೇಳಿದಾಗ ನನ್ನ ಬಾಯಿಗೆ ಮೊದಲು ಬರುವ ಹೆಸರು ಕಬ್ರೆರೆ. ದೇಶದ ನೈಋತ್ಯ ಭಾಗದ ಲೊತ್ ಜಿಲ್ಲೆಯಲ್ಲಿ, ಸೆಲೆ ಎಂಬ ಪುಟ್ಟ ನದಿಯ ದಂಡೆಯಲ್ಲಿರುವ ಹಳ್ಳಿ ಇದು. ಬೆನ್ನಿಗೆ ಬೂದು, ಹಳದಿ ಬಣ್ಣದ ಕಡಿದಾದ ಬಂಡೆಗೋಡೆ, ಎದುರಿಗೆ ಹೊಳೆ, ನಡುವೆ ಸಿಕ್ಕಷ್ಟು ಜಾಗದಲ್ಲಿ ಕಲ್ಲಿನ ಮನೆಗಳು. ಬಂಡೆಯ ಮೈಗೇ ಅಂಟಿಸಿ ಕಟ್ಟಿದ ಪಾಳುಕೋಟೆಯೊಂದನ್ನು ಊರಿನವರು ಸೈತಾನನ ಕೋಟೆ ಎನ್ನುತ್ತಾರೆ. ಬೆಳಿಗ್ಗೆ ಚರ್ಚಿನ ಗಂಟೆ, ಹಗಲಲ್ಲಿ ಎಲ್ಲೋ ಒಂದು ಟ್ರ್ಯಾಕ್ಟರು, ಸಂಜೆಯಾದರೆ ಹೊಳೆಯ ಸದ್ದು. ಅಂಗಡಿ ಬೀದಿ, ಮಾಲು, ರಾತ್ರಿ ಬೆಳಕು ಬೇಕೆನ್ನುವವರಿಗೆ ಈ ಊರು ಒಗ್ಗುವುದಿಲ್ಲ. ನಡೆಯುವುದಕ್ಕೆ ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯ ತಂಗುದಾಣ ಫ್ರಾನ್ಸಿನಲ್ಲಿ ನನಗೆ ಗೊತ್ತಿಲ್ಲ.

ಏಕೆಂದರೆ ಇಲ್ಲಿ ನೋಡುವಂಥದ್ದೆಲ್ಲ ಒಂದೇ ಕಥೆಯ ಭಾಗ. ಮೇಲಿನ ಒಣ ಬಯಲು, ಅದರ ಹೊಟ್ಟೆಯೊಳಗಿನ ಗುಹೆ, ಬಂಡೆಯ ಬುಡದಲ್ಲಿ ಉಕ್ಕುವ ಚಿಲುಮೆ, ಕೆಳಗಿನ ನದಿ, ನದಿಯ ಪಕ್ಕ ಮನುಷ್ಯ ಕಡಿದ ದಾರಿ, ಎಲ್ಲವೂ ಸುಣ್ಣಕಲ್ಲು ಮತ್ತು ನೀರು ಸೇರಿ ಮಾಡಿದ ಕೆಲಸ. ಕಾರಿನಲ್ಲಿ ಬಂದು ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿ ಹೋದರೆ ಈ ನಂಟು ಕಾಣುವುದಿಲ್ಲ. ಮಳೆ ಬಿದ್ದಲ್ಲಿಂದ ಶುರುಮಾಡಿ ನೀರು ಹೋದ ದಾರಿಯಲ್ಲೇ ಹೋಗಬೇಕು. ಹಾಗಾಗಿ ಮೊದಲ ದಿನ ಹೊಳೆಯ ಕಡೆಗೆ ಇಳಿಯಬೇಡಿ, ಮೇಲಕ್ಕೆ ಹತ್ತಿ.

ಮೇಲಿನ ಬಯಲನ್ನು ಇಲ್ಲಿಯವರು ಕೋಸ್ ಎನ್ನುತ್ತಾರೆ. ಜುರಾಸಿಕ್ ಕಾಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣಕಲ್ಲು ಅದು. ಮಳೆ ಕಡಿಮೆಯೇನಿಲ್ಲ, ಆದರೆ ಬಿದ್ದ ನೀರು ಮೇಲೆ ನಿಲ್ಲುವುದಿಲ್ಲ. ಗಾಳಿಯಲ್ಲೂ ಮಣ್ಣಿನಲ್ಲೂ ಇರುವ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾದ ನೀರು ಕಲ್ಲಿನ ಬಿರುಕಿಗಿಳಿದು, ಕಲ್ಲನ್ನು ಕರಗಿಸುತ್ತ, ಬಿರುಕನ್ನು ಕೊಳವೆ ಮಾಡಿ, ಕೊಳವೆಯನ್ನು ಗುಹೆ ಮಾಡಿಬಿಡುತ್ತದೆ. ಬಯಲು ಮಾತ್ರ ಒಣಗಿಯೇ ಉಳಿಯುತ್ತದೆ. ಕುಳ್ಳಗಿನ ಓಕ್ ಮರಗಳು, ಜುನಿಪರ್ ಪೊದೆಗಳು, ಅವುಗಳ ನಡುವೆ ತೆಳ್ಳಗಿನ ಹುಲ್ಲು. ಮೇ ತಿಂಗಳಲ್ಲಿ ಆ ಹುಲ್ಲಿನ ನಡುವೆ ಗೇಣುದ್ದದ ಕಾಡು ಆರ್ಕಿಡ್‌ಗಳು ಏಳುತ್ತವೆ. ಬಗ್ಗಿ ನೋಡಿದರೆ ಮಾತ್ರ ಕಣ್ಣಿಗೆ ಬೀಳುತ್ತವೆ.

ಈ ಬಯಲಿನಲ್ಲಿ ಅಲ್ಲಲ್ಲಿ ನೆಲ ತಟ್ಟೆಯ ಹಾಗೆ ತಗ್ಗಿರುತ್ತದೆ. ಕೆಳಗಿನ ಕಲ್ಲು ಕರಗಿ, ಮೇಲಿನ ಮಣ್ಣು ಜಾರಿ ತುಂಬಿದ ಕುಣಿಗಳು ಇವು. ಕೆಂಪು ಮಣ್ಣು ಸಿಕ್ಕುವುದು ಇಲ್ಲಿ ಮಾತ್ರ. ಆದ್ದರಿಂದ ಹಿಂದಿನ ರೈತರು ಉತ್ತದ್ದೂ ಬೆಳೆದದ್ದೂ ಈ ತಗ್ಗುಗಳಲ್ಲೇ. ಸುತ್ತಲಿನ ನೆಲದಿಂದ ಹೆಕ್ಕಿದ ಕಲ್ಲನ್ನು ಎಲ್ಲಿಗೆ ಸಾಗಿಸುವುದು? ಗೋಡೆ ಕಟ್ಟಿದರು. ಗಾರೆಯಿಲ್ಲದೆ ಒಟ್ಟಿದ ಆ ಗೋಡೆಗಳು ಕಾಲುಹಾದಿಯ ಎರಡು ಬದಿಗೂ ನೀವು ನಡೆದಷ್ಟು ದೂರವೂ ಬರುತ್ತವೆ. ಹಸಿರು ಪಾಚಿ ಮುಚ್ಚಿದ ಗೋಡೆ ಕಂಡರೆ ಅದು ಉತ್ತರಕ್ಕೆ ಮುಖ ಮಾಡಿದೆ ಎಂದು ಊಹಿಸಬಹುದು.

ಗೋಡೆಗಿಂತ ನನಗೆ ಅಚ್ಚುಮೆಚ್ಚು ಕುರಿಗಾಹಿಗಳ ಕಲ್ಲುಗುಡಿಸಲು. ಮರ, ಮೊಳೆ, ಗಾರೆ ಯಾವುದೂ ಇಲ್ಲ, ಬರೀ ಚಪ್ಪಟೆ ಕಲ್ಲು. ಬಗ್ಗಿ ಒಳಗೆ ಹೋಗಿ ತಲೆಯೆತ್ತಿ ನೋಡಬೇಕು. ಒಂದೊಂದು ಸುತ್ತಿನ ಕಲ್ಲೂ ಕೆಳಗಿನ ಸುತ್ತಿಗಿಂತ ಎರಡು ಬೆರಳಿನಷ್ಟು ಒಳಕ್ಕೆ ಚಾಚಿದೆ. ಸುತ್ತು ಕಿರಿದಾಗುತ್ತ ಹೋಗಿ, ತುದಿಯಲ್ಲಿ ಒಂದೇ ಒಂದು ಹಲಗೆಗಲ್ಲು ಬಾಯಿ ಮುಚ್ಚುತ್ತದೆ. ಇನ್ನೊಂದು ಜಾಣತನ ಬೆರಳಿಟ್ಟು ನೋಡಿದರೆ ತಿಳಿಯುತ್ತದೆ: ಪ್ರತಿ ಕಲ್ಲನ್ನೂ ಹೊರಗಡೆಗೆ ಸ್ವಲ್ಪ ಇಳಿಜಾರಾಗಿ ಕೂರಿಸಿದ್ದಾರೆ, ಮಳೆನೀರು ಒಳಗೆ ಬರದೆ ಹೊರಗೇ ಜಾರಿಹೋಗಲಿ ಎಂದು. ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಜೋರು ಮಳೆಯಲ್ಲಿ ಇಂಥ ಗುಡಿಸಲೊಳಗೆ ನಿಂತರೆ ಆ ಕೈಗಳ ಬಗ್ಗೆ ಗೌರವ ಹುಟ್ಟದೆ ಇರುವುದಿಲ್ಲ.

ನೀರಿಲ್ಲದ ಬಯಲಿನಲ್ಲಿ ಕುರಿ ಬದುಕುವುದು ಹೇಗೆ? ಬಂಡೆಯನ್ನೇ ತೋಡಿ ಮಾಡಿದ ಪುಟ್ಟ ಹೊಂಡಗಳು ಅದಕ್ಕೆ ಉತ್ತರ. ಮಳೆನೀರು ತುಂಬಿಟ್ಟುಕೊಳ್ಳುವ ಈ ಹೊಂಡಗಳನ್ನು ಶಾರ್ಲಮಾನ್ ದೊರೆಯ ಸೈನ್ಯ ತೊರೆದು ಸನ್ಯಾಸಿಯಾದ ನಾಂಫೇಜ್ ಎಂಬ ಸಂತನೇ ತೋಡಿದ ಎಂದು ಕಥೆ. ಈಗಲೂ ಅವು ಅವನ ಹೆಸರಿನಲ್ಲೇ ಇವೆ. ಅಲ್ಲಿಗೆ ನೀರಿಗೆ ಬರುವ ಕುರಿಗಳನ್ನು ನೋಡುವುದೇ ಒಂದು ಚೆಂದ. ಮೈಯೆಲ್ಲ ಬಿಳಿ, ಕಣ್ಣಿನ ಸುತ್ತ ಮತ್ತು ಕಿವಿ ಮಾತ್ರ ಕಪ್ಪು; ಯಾರೋ ಬೆಳಿಗ್ಗೆ ಒಂದೊಂದಕ್ಕೂ ಕಾಡಿಗೆ ತೀಡಿ ಮೇಯಲು ಬಿಟ್ಟ ಹಾಗೆ. ಈ ಬಯಲಿನದೇ ತಳಿ ಅದು.

ಬಯಲಿನಲ್ಲಿ ಕಾಣೆಯಾದ ನೀರು ಮತ್ತೆ ಸಿಕ್ಕುವುದು ಕಣಿವೆಯಲ್ಲಿ. ಕಬ್ರೆರೆಯಿಂದ ಸೆಲೆ ನದಿಗೆ ಎದುರಾಗಿ ಸ್ವಲ್ಪ ದೂರ ನಡೆದರೆ ಪೆಸ್ಕಲರಿ ಎಂಬಲ್ಲಿ ಬಂಡೆಯಿಂದ ನೀರು ಧುಮುಕುವುದನ್ನು ಕಾಣಬಹುದು. ಬುಗ್ಗೆಯೇ ಜಲಪಾತವಾಗಿರುವ ಜಾಗ. ಬಯಲಿನ ಮೇಲೆ ಚೆನ್ನಾಗಿ ಮಳೆಯಾದ ಮರುದಿನ ಹೋದರೆ ಅದರ ರಭಸ ಬೇರೆ, ಬೇಸಿಗೆಯ ಕೊನೆಗೆ ಹೋದರೆ ಬೇರೆ. ನೋಡಲು ಟಿಕೆಟ್ಟಿಲ್ಲ, ಸಾಲಿಲ್ಲ. ಬಯಲು ಹತ್ತಿ ಬಂದವರಿಗೆ ಈ ನೀರು ಎಲ್ಲಿಂದ ಬಂತೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮೇಲಿನ ಬಯಲಿಗೂ ಕೆಳಗಿನ ಬುಗ್ಗೆಗೂ ನಡುವೆ, ನೀರು ಒಂದು ಕಾಲಕ್ಕೆ ಹರಿದು ಆಮೇಲೆ ಬಿಟ್ಟುಹೋದ ದಾರಿಯಲ್ಲಿ, ಪೆಶ್ ಮೆರ್ಲ್ ಗುಹೆ ಇದೆ. ಕಬ್ರೆರೆಯ ಊರೊಳಗಿನಿಂದ ಗುಡ್ಡ ಹತ್ತಿಯೇ ಹೋಗಬಹುದು. ದಾರಿ ಕಡಿದು, ಆದರೆ ದೂರವೇನಿಲ್ಲ. 1922ರಲ್ಲಿ ಆಂದ್ರೆ ದಾವಿದ್, ಆನ್ರಿ ದ್ಯುತೆರ್ತ್ರ್ ಎಂಬ ಇಬ್ಬರು ಹದಿಹರೆಯದ ಹುಡುಗರು ಇಲ್ಲಿನ ಇಕ್ಕಟ್ಟಾದ ಸಂದುಗಳಲ್ಲಿ ತೆವಳಿ ಒಳಗಿನ ಚಿತ್ರಗಳನ್ನು ಕಂಡರು. ಗುಹೆಗಳ ಹುಚ್ಚು ಹತ್ತಿಸಿದ್ದು ಊರಿನ ಪಾದ್ರಿ ಅಮೆದೆ ಲೆಮೋಜಿ. ಅವರು ಸ್ವತಃ ಪ್ರಾಗಿತಿಹಾಸ ಬಲ್ಲವರು. 1926ರಲ್ಲಿ ಗುಹೆ ಸಾರ್ವಜನಿಕರಿಗೆ ತೆರೆಯಿತು.

ಇಂಥದೇ ಚಿತ್ರಗಳಿಗೆ ಹೆಸರಾದ ಲಾಸ್ಕೋ ಗುಹೆಯನ್ನು 1963ರಲ್ಲೇ ಮುಚ್ಚಿದರು. ಜನರ ಉಸಿರಿನಿಂದ ಅಲ್ಲಿನ ಚಿತ್ರಗಳು ಹಾಳಾಗತೊಡಗಿದ್ದವು. ಈಗ ಅಲ್ಲಿಗೆ ಹೋದವರು ನೋಡುವುದು ನಕಲನ್ನು. ತುಂಬ ಶ್ರದ್ಧೆಯಿಂದ ಮಾಡಿದ ನಕಲು, ಅದನ್ನು ಹಳಿಯಲಾರೆ. ಆದರೆ ಪೆಶ್ ಮೆರ್ಲ್‌ನಲ್ಲಿ ನಿಮ್ಮೆದುರಿಗಿರುವುದು ಅಸಲು. ದಿನಕ್ಕೆ 700 ಜನರಿಗಿಂತ ಹೆಚ್ಚು ಬಿಡುವುದಿಲ್ಲ. ಗೈಡ್ ಜೊತೆ ಸಣ್ಣ ಗುಂಪಾಗಿ ಹೋಗಬೇಕು, ಫೋಟೊ ತೆಗೆಯುವಂತಿಲ್ಲ. ಒಳಗೆ ವರ್ಷವಿಡೀ ಸುಮಾರು 12 ಡಿಗ್ರಿ. ಹೊರಗೆ ಜುಲೈ ಬಿಸಿಲಿದ್ದರೂ ಒಂದು ಸ್ವೆಟರ್ ಇರಲಿ.

ಚುಕ್ಕೆ ಕುದುರೆಗಳ ಬಂಡೆಯ ಮುಂದೆ ಗೈಡ್ ದೀಪ ಹಾಕಿದಾಗ ಗುಂಪಿನಲ್ಲಿದ್ದವರ ಮಾತು ತಾನಾಗಿ ನಿಲ್ಲುತ್ತದೆ. ಎರಡು ಕುದುರೆಗಳು ಬೆನ್ನಿಗೆ ಬೆನ್ನು ಕೊಟ್ಟು, ಒಂದು ಎಡಕ್ಕೆ, ಒಂದು ಬಲಕ್ಕೆ. ಹಿಂಭಾಗ ಒಂದರ ಮೇಲೊಂದು ಬಂದಿದೆ. ಮೈತುಂಬ ಕಪ್ಪು ಚುಕ್ಕೆಗಳು. ಚುಕ್ಕೆಗಳು ಮೈಯ ಗೆರೆ ದಾಟಿ ಸುತ್ತಲಿನ ಬಂಡೆಗೂ ಹರಡಿವೆ. ಬಲಗಡೆಯ ಕುದುರೆಯನ್ನು ಗಮನಿಸಿ: ಬಂಡೆಯ ಅಂಚೇ ಅಲ್ಲಿ ಸಹಜವಾಗಿ ಕುದುರೆ ಮುಖದ ಆಕಾರದಲ್ಲಿದೆ. ಚಿತ್ರಕಾರ ಅದರೊಳಗೆ ಸಣ್ಣದೊಂದು ತಲೆಯನ್ನು ಬರೆದಿದ್ದಾನೆ ಅಥವಾ ಬರೆದಿದ್ದಾಳೆ. ಬಂಡೆಯೇ ಮೊದಲು ಕುದುರೆಯನ್ನು ತೋರಿಸಿತ್ತು ಎಂದೇ ನನ್ನ ನಂಬಿಕೆ. ಕುದುರೆಗಳ ಮೇಲೂ ಕೆಳಗೂ ಆರು ಅಂಗೈಗಳ ಅಚ್ಚು. ಕೈಯನ್ನು ಬಂಡೆಗೆ ಒತ್ತಿ ಹಿಡಿದು ಸುತ್ತಲೂ ಕಪ್ಪು ಬಣ್ಣ ಊದಿದ್ದಾರೆ. ಕೈ ತೆಗೆದಾಗ ಉಳಿದದ್ದು ಬಂಡೆಯ ಬಣ್ಣದ ಕೈ. ವಯಸ್ಸು ಸುಮಾರು 29,000 ವರ್ಷ.

ಬಣ್ಣವನ್ನು ಊದಿದ್ದು ಹೇಗೆ ಎಂಬುದನ್ನು ಮಿಶೆಲ್ ಲೋರ್‌ಬ್ಲಾಂಶೆ ಎಂಬ ಫ್ರೆಂಚ್ ವಿದ್ವಾಂಸರು ಮಾಡಿಯೇ ತೋರಿಸಿದರು. ಇದ್ದಿಲನ್ನು ಬಾಯಲ್ಲಿ ಅಗಿದು, ಎಂಜಲಿನೊಂದಿಗೆ ಬೆರೆಸಿ, ಬಂಡೆಯ ಮೇಲೆ ಉಗುಳುತ್ತ, ಅಂಗೈಯನ್ನೇ ಅಡ್ಡ ಹಿಡಿದು ಗೆರೆ ತೀಡಿ ಇಡೀ ಕುದುರೆಗಳನ್ನು ಬೇರೊಂದು ಬಂಡೆಯ ಮೇಲೆ ಮತ್ತೆ ಬರೆದರು. ಚುಕ್ಕೆಗಳ ವಿಷಯಕ್ಕೂ ಬಹುಕಾಲ ವಾದವಿತ್ತು. ಅಂಥ ಕುದುರೆ ಆಗ ಇತ್ತೇ, ಇಲ್ಲ ಕಲ್ಪನೆಯೇ? 2011ರಲ್ಲಿ ಹಿಮಯುಗದ ಕುದುರೆಗಳ ಮೂಳೆಯಿಂದ ಡಿಎನ್‌ಎ ತೆಗೆದು ನೋಡಿದಾಗ ಚುಕ್ಕೆ ಮೈಯ ವಂಶವಾಹಿ ಅವುಗಳಲ್ಲಿ ಸಿಕ್ಕಿತು. ಕಂಡದ್ದನ್ನೇ ಬರೆದಿದ್ದರು ಎನ್ನಲು ಈಗ ಆಧಾರವಿದೆ.

ಕುದುರೆಗಳಷ್ಟೇ ನನ್ನನ್ನು ಹಿಡಿದು ನಿಲ್ಲಿಸುವುದು ಗುಹೆಯ ಇನ್ನೊಂದು ಮೂಲೆಯಲ್ಲಿರುವ ಹೆಜ್ಜೆಗುರುತು. ಹಸಿ ಕೆಸರಿನಲ್ಲಿ ನಡೆದ ಎಳೆಯ ವಯಸ್ಸಿನ ಒಬ್ಬರ ಬರಿಗಾಲಿನ ಗುರುತು, ಹಿಮ್ಮಡಿ, ಬೆರಳುಗಳ ಸಮೇತ ಗಟ್ಟಿಯಾಗಿ ಉಳಿದಿದೆ. ಮೇಲೆ ಛಾವಣಿಯಿಂದ ಒಂದು ಓಕ್ ಮರದ ಬೇರು ನೀರು ಹುಡುಕುತ್ತ ಗುಹೆಯೊಳಕ್ಕೆ ಇಳಿದಿದೆ. ಬಯಲಿನಲ್ಲಿ ನೀವು ಪಕ್ಕದಲ್ಲೇ ಹಾದುಹೋದ ಕುಳ್ಳ ಓಕ್‌ಗಳು ಹೇಗೆ ಬದುಕಿವೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಗುಹೆಯಿಂದ ನದಿಗೆ ಬರೋಣ. ಸೆಲೆ ನದಿ ಕಬ್ರೆರೆಯ ಕೆಳಗೆ ಕೊಂದುಶೆ ಎಂಬಲ್ಲಿ ಲೊತ್ ನದಿಯನ್ನು ಸೇರುತ್ತದೆ. ಎದುರು ದಡದ ಹಳ್ಳಿ ಬೂಜಿಯೆಸ್. ಫಿಜಾಕ್ ಕಡೆಯಿಂದ ಸೆಲೆ ಕಣಿವೆಯ ಗುಂಟ ಬರುವ ಕಾಲುಹಾದಿ, ಸ್ಪೇನಿನ ಸಾಂತಿಯಾಗೊಗೆ ಹೋಗುವ ಯಾತ್ರಿಕರ ಪರ್ಯಾಯ ದಾರಿಯೂ ಹೌದು, ಕಬ್ರೆರೆಯನ್ನು ದಾಟಿ ಬೂಜಿಯೆಸ್‌ಗೆ ಇಳಿಯುತ್ತದೆ. ಅಲ್ಲಿಂದ ಲೊತ್ ನದಿಯ ದಡ ಹಿಡಿದು ಮುಂದುವರಿದರೆ ಸ್ಯಾಂ ಸೀರ್ ಲಪೋಪಿ. ಒಟ್ಟು ಹತ್ತು ಕಿಲೋಮೀಟರಿನ ಆಸುಪಾಸು. ಈ ಪ್ರಾಂತ್ಯದಲ್ಲಿ ಒಂದೇ ದಿನ ನಡೆಯುವಷ್ಟು ಪುರುಸೊತ್ತು ಇದ್ದರೆ ಈ ದಾರಿಯನ್ನೇ ನಡೆಯಿರಿ.

ಬೂಜಿಯೆಸ್ ದಾಟಿದ ಮೇಲೆ ಬಂಡೆಗೋಡೆ ನೇರ ನೀರಿಗೇ ಇಳಿದಿದೆ. ದಡವೇ ಇಲ್ಲ. ಕಾಓರ್ ಸೀಮೆಯ ವೈನು ಹೊತ್ತು ಬೋರ್ದೊ ಬಂದರಿನ ಕಡೆಗೆ ಹೋಗುತ್ತಿದ್ದ ಚಪ್ಪಟೆ ತಳದ ದೋಣಿಗಳು ಪ್ರವಾಹಕ್ಕೆ ಎದುರಾಗಿ ಮರಳುವಾಗ ದಡದಿಂದ ಹಗ್ಗ ಕಟ್ಟಿ ಎಳೆಯಬೇಕಿತ್ತು. ಎಳೆಯುವವರಿಗೆ ಕಾಲಿಡಲು ಜಾಗ ಬೇಕಲ್ಲ? 1840ರ ದಶಕದಲ್ಲಿ ಬಂಡೆಯ ಹೊಟ್ಟೆಯನ್ನೇ ಅಡ್ಡಕ್ಕೆ ಸೀಳಿ ದಾರಿ ಮಾಡಿದರು. ಇಂದು ಅದರಲ್ಲಿ ನಡೆಯುವಾಗ ತಲೆಯ ಮೇಲೆ ಬಂಡೆ, ಒಂದು ಭುಜಕ್ಕೆ ಬಂಡೆ, ಇನ್ನೊಂದು ಪಕ್ಕ ಹಸಿರು ನೀರು. ಗೋಡೆಯಲ್ಲಿ ಉಳಿಯ ಗುರುತು ಇನ್ನೂ ಇದೆ. ಒಂದು ಕಡೆ ದೇನಿಯೆಲ್ ಮೊನಿಯೆ ಎಂಬ ಶಿಲ್ಪಿ ಬಂಡೆಯ ಮೇಲೆ ನೀರಿನ ಸುಳಿ, ಮೀನು, ಶಂಖಗಳನ್ನು ಹಾಯಾಗಿ ಉಬ್ಬುಶಿಲ್ಪದಲ್ಲಿ ಕೆತ್ತಿದ್ದಾರೆ. ಅದು 20ನೇ ಶತಮಾನದ ಕೊನೆಯ ಕೆಲಸ, ಹಳೆಯದೆಂದು ತಿಳಿಯಬಾರದು. ಅದನ್ನು ಮುಟ್ಟಿ ನೋಡಿದರೆ ಬಂಡೆಯ ತಂಪು ಕೈಗೆ ಬರುತ್ತದೆ. ರೈಲು ಬಂದ ಮೇಲೆ ದೋಣಿ ವ್ಯಾಪಾರ ಸತ್ತಿತು, 1926ರಲ್ಲಿ ಲೊತ್ ನದಿಯನ್ನು ಸರ್ಕಾರದ ಜಲಮಾರ್ಗಗಳ ಪಟ್ಟಿಯಿಂದಲೇ ತೆಗೆದರು. ಗುಹೆ ಜನರಿಗೆ ತೆರೆದ ವರ್ಷವೇ ನದಿ ದೋಣಿಗಳಿಗೆ ಮುಚ್ಚಿತು. ಬಂಡೆ ಉದುರುವ ಭಯವಿದ್ದಾಗ ಈ ದಾರಿಯನ್ನೂ ಮುಚ್ಚುವುದುಂಟು. ಹೊರಡುವ ಮೊದಲು ಪ್ರವಾಸಿ ಕಚೇರಿಯಲ್ಲಿ ವಿಚಾರಿಸಿ.

ಸ್ಯಾಂ ಸೀರ್ ಲಪೋಪಿ ನದಿಯಿಂದ ಸುಮಾರು ನೂರು ಮೀಟರ್ ಎತ್ತರದಲ್ಲಿ ಬಂಡೆಯ ತುದಿಗೆ ಕೂತ ಊರು. 2012ರಲ್ಲಿ ಫ್ರೆಂಚರು ಟಿವಿ ಕಾರ್ಯಕ್ರಮವೊಂದರಲ್ಲಿ ತಮ್ಮ ಅಚ್ಚುಮೆಚ್ಚಿನ ಹಳ್ಳಿ ಎಂದು ಇದನ್ನೇ ಆರಿಸಿದರು. ಪರಿಣಾಮವಾಗಿ ಬೇಸಿಗೆಯ ಮಧ್ಯಾಹ್ನ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನದಿಯ ದಾರಿಯಲ್ಲಿ ಬೆಳಿಗ್ಗೆ ಬೇಗ ಹೊರಟು ಹತ್ತು ಗಂಟೆಯೊಳಗೆ ತಲುಪಿದವರಿಗೆ ಊರು ಸಿಕ್ಕುತ್ತದೆ, ತಡವಾಗಿ ಬಂದವರಿಗೆ ಜನಜಂಗುಳಿ ಸಿಕ್ಕುತ್ತದೆ. ಹಿಂದೆ ಇಲ್ಲಿನ ಕುಶಲಕರ್ಮಿಗಳು ಪೀಪಾಯಿಗೆ ಹಾಕುವ ನಲ್ಲಿಗಳನ್ನು ಬಾಕ್ಸ್‌ವುಡ್ ಮರದಲ್ಲಿ ಕಡೆದು ಮಾರುತ್ತಿದ್ದರು. ಅವರ ಅಂಗಡಿಗಳ ಅಗಲ ಕಮಾನುಗಳು ಈಗಲೂ ಬೀದಿಯಲ್ಲಿವೆ. ಸರ್ರಿಯಲಿಸ್ಟ್ ಕವಿ ಆಂದ್ರೆ ಬ್ರೆತೋಂ 1950ರಲ್ಲಿ ಈ ಊರನ್ನು ಕಂಡು ಮನಸೋತು, ಮನೆ ಕೊಂಡು, 1966ರಲ್ಲಿ ತೀರಿಕೊಳ್ಳುವವರೆಗೂ ಬೇಸಿಗೆಗಳನ್ನು ಇಲ್ಲೇ ಕಳೆದರು. ಇದೇ ಬ್ರೆತೋಂ 1952ರಲ್ಲಿ ಪೆಶ್ ಮೆರ್ಲ್ ಗುಹೆಗೆ ಹೋದಾಗ ಚಿತ್ರ ಹಳೆಯದೋ ಹೊಸತೋ ಎಂಬ ಅನುಮಾನ ಬಂದು ಒಂದು ಗೆರೆಯನ್ನು ಬೆರಳಿನಿಂದ ಉಜ್ಜಿಯೇಬಿಟ್ಟರು. ಜಗಳವಾಯಿತು, ಪ್ರಕರಣ ನ್ಯಾಯಾಲಯಕ್ಕೆ ಹೋಯಿತು, ಕವಿಗೆ ದಂಡ ಬಿತ್ತು. ಬಿದ್ದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಎಷ್ಟು ದೊಡ್ಡ ಕವಿಯಾದರೂ ಆ ಗೋಡೆ ಮುಟ್ಟಲು ಹಕ್ಕಿಲ್ಲ.

ನಡೆದು ಕಾಲು ದಣಿದ ಮೇಲೆ ಸೆಲೆ ನದಿಯಲ್ಲಿ ಕೆನೂ ದೋಣಿ ಹುಟ್ಟುಹಾಕುತ್ತ ಬರಬಹುದು. ಮೇಲಿನ ಮರ್ಸಿಯಾಕ್, ಸೋಲಿಯಾಕ್ ಊರುಗಳ ಕಡೆ ದೋಣಿ ಬಾಡಿಗೆಗೆ ಸಿಗುತ್ತದೆ. ಹೊಳೆ ಸೌಮ್ಯ, ಈಜು ಬಲ್ಲ ಮಕ್ಕಳನ್ನೂ ಕರೆದೊಯ್ಯಬಹುದು. ಹಳೆಯ ಹಿಟ್ಟಿನ ಗಿರಣಿಗಳ ಒಡ್ಡು ಬಂದಾಗ ಮಾತ್ರ ಇಳಿದು ನೋಡಿ ದಾಟಬೇಕು. ಬೇಸಿಗೆಯ ಕೊನೆಗೆ ನೀರು ಇಳಿದು ದೋಣಿಯ ತಳ ಕಲ್ಲಿಗೆ ತಾಗುತ್ತದೆ, ಜೂನ್ ಉತ್ತಮ. ಸೋಲಿಯಾಕ್‌ನಲ್ಲಿ ಬಂಡೆಯ ಪೊಟರೆಗಳಿಗೆ ಮುಂಗೋಡೆ ಕಟ್ಟಿ ಮಾಡಿದ ಹಳೆಯ ಆಸರೆಗಳನ್ನು ನೀರಿನ ಮೇಲಿನಿಂದ ನೋಡುವುದೇ ಚೆನ್ನ. ಮರ್ಸಿಯಾಕ್‌ನ ಬೆನೆಡಿಕ್ಟೈನ್ ಮಠ ಅರ್ಧ ಪಾಳುಬಿದ್ದಿದೆ, ಛಾವಣಿಯಿಲ್ಲದ ಕಮಾನುಗಳ ಕೆಳಗೆ ಹುಲ್ಲು ಬೆಳೆದಿದೆ. ಅರ್ಧ ಗಂಟೆ ಕೂರಲು ಒಳ್ಳೆಯ ಜಾಗ.

ಇನ್ನು ರಾತ್ರಿ. ಈ ಬಯಲಿನಲ್ಲಿ ಊರು ಕಡಿಮೆ, ದೀಪ ಇನ್ನೂ ಕಡಿಮೆ. ಫ್ರಾನ್ಸಿನಲ್ಲಿ ಅತಿ ಕಪ್ಪಾದ ಆಕಾಶವಿರುವ ಜಾಗಗಳಲ್ಲಿ ಇದೂ ಒಂದು ಎಂದು ಖಗೋಳ ಹವ್ಯಾಸಿಗಳು ಇದಕ್ಕೆ ಈ ಸೀಮೆಯ ಹೆಸರು ಸೇರಿಸಿ ಕೆರ್ಸಿಯ ಕಪ್ಪು ತ್ರಿಕೋನ ಎಂದು ಹೆಸರಿಟ್ಟಿದ್ದಾರೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಕಣಿವೆ ಬಿಟ್ಟು ಮೇಲೆ ಹತ್ತಿದರೆ ಕ್ಷೀರಪಥ ಅಂಚಿನಿಂದ ಅಂಚಿಗೆ ಕಾಣುತ್ತದೆ. ಬೆಂಗಳೂರಿನಲ್ಲಿ ಬೆಳೆದ ಮಕ್ಕಳಿಗೆ ಇದನ್ನು ತೋರಿಸಲೇಬೇಕು. ಈ ಇಡೀ ಸೀಮೆ 1999ರಿಂದ ಪ್ರಾದೇಶಿಕ ನಿಸರ್ಗ ಉದ್ಯಾನ, 2017ರಿಂದ ಯುನೆಸ್ಕೊ ಜಾಗತಿಕ ಜಿಯೊಪಾರ್ಕ್.

ಪದಿರಾಕ್, ರೊಕಮದೂರ್ ಬಗ್ಗೆ ಕೇಳುತ್ತೀರಿ. ಎರಡೂ ಉತ್ತರಕ್ಕೆ, ಕಾರು ಬೇಕು. ಪದಿರಾಕ್‌ಗೆ ಖಂಡಿತ ಹೋಗಿ. ನೆಲ ಕುಸಿದು ಆದ 75 ಮೀಟರ್ ಆಳದ ಬಾವಿಯಂಥ ಕುಳಿ, ಅದರ ತಳದಿಂದಲೂ ಕೆಳಗೆ ದೋಣಿ ಹೋಗುವಂಥ ಭೂಗತ ನದಿ. 1889ರಲ್ಲಿ ಮಾರ್ತೆಲ್ ಎಂಬ ಗುಹಾಶೋಧಕ ಅದರಲ್ಲಿ ಮೊದಲು ದೋಣಿ ಇಳಿಸಿದ. ನೀರಿನ ಕಥೆಗೆ ಅದೂ ಸೇರುತ್ತದೆ. ರೊಕಮದೂರ್ ಬಂಡೆಗೆ ಅಂಟಿದ ಯಾತ್ರಾಸ್ಥಳ, ದೂರದಿಂದ ಭವ್ಯ. ಹತ್ತಿರ ಹೋದರೆ ಬೀದಿ ತುಂಬ ನೆನಪಿನ ಕಾಣಿಕೆಗಳ ಅಂಗಡಿ. ಸಮಯ ಕಡಿಮೆಯಿದ್ದರೆ ಅದನ್ನು ಬಿಡಿ.

ಆದರೆ ಆ ಊರಿನ ಹೆಸರಿನ ಚೀಸನ್ನು ಬಿಡಬೇಡಿ. ಅಂಗೈಯಲ್ಲಿ ಹಿಡಿಸುವ, 35 ಗ್ರಾಂ ತೂಕದ ಮೇಕೆಹಾಲಿನ ಬಿಲ್ಲೆ. ಸಸ್ಯಾಹಾರಿ ಓದುಗರು ಇಲ್ಲಿನ ಊಟದ ಬಗ್ಗೆ ಹೆದರುವುದು ಸಹಜ, ಏಕೆಂದರೆ ಹೋಟೆಲಿನ ಪಟ್ಟಿಯಲ್ಲಿ ಬಾತುಕೋಳಿ, ಕುರಿಮಾಂಸವೇ ಹೆಚ್ಚು. ಚೀಸ್ ಮಾಡಲು ಬಳಸುವ ರೆನೆಟ್ ಕೂಡ ಕರುವಿನ ಹೊಟ್ಟೆಯದಿರಬಹುದು, ಕಟ್ಟುನಿಟ್ಟಾಗಿರುವವರು ಕೇಳಿಕೊಳ್ಳಲಿ. ಮಿಕ್ಕವರಿಗೆ ಬ್ರೆಡ್ಡು, ಈ ಚೀಸು, ಇಲ್ಲಿನ ಅಕ್ರೋಟು, ಬೇಸಿಗೆಯಾದರೆ ಕೆರ್ಸಿಯ ಖರ್ಬೂಜ ಸಾಕು. ಕಲ್ಲುಗುಡಿಸಲಿನ ನೆರಳಲ್ಲಿ ಇದನ್ನು ತಿಂದವರು ಹೋಟೆಲು ಹುಡುಕಲಾರರು. ಬ್ರೆಡ್ಡನ್ನು ಬೆಳಿಗ್ಗೆಯೇ ಕೊಂಡಿಟ್ಟುಕೊಳ್ಳಿ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಸೋಮವಾರ ಹಲವು ತೆರೆಯುವುದೇ ಇಲ್ಲ, ಮಧ್ಯಾಹ್ನ ಎರಡರ ಮೇಲೆ ಹೋಟೆಲಿನಲ್ಲಿ ಊಟ ಸಿಗುವುದೂ ಕಷ್ಟ.

ದಾರಿ ತಪ್ಪುವ ಭಯ ಬೇಡ. ಮರದ ಮೇಲೆ, ಗೋಡೆಯ ಮೇಲೆ ಬಳಿದ ಬಿಳಿ, ಕೆಂಪು ಪಟ್ಟಿ ದೂರದ ಹಾದಿಗೆ, ಹಳದಿ ಪಟ್ಟಿ ಊರಿನ ಸುತ್ತಲಿನ ಸಣ್ಣ ಹಾದಿಗೆ. ಅದೇ ಬಣ್ಣಗಳಲ್ಲಿ ಅಡ್ಡ ಗುಣಿಸು ಚಿಹ್ನೆ ಕಂಡರೆ ಆ ಕಡೆ ಹೋಗಬಾರದು. ಈ ಗುರುತುಗಳನ್ನು ಬಳಿದು ಕಾಪಾಡುವವರು ಸಂಬಳವಿಲ್ಲದ ಸ್ವಯಂಸೇವಕರು. ಎದುರು ಬಂದವರಿಗೆ ‘ಬೋಂಜೂರ್’ ಹೇಳದೆ ಮುಂದೆ ಹೋಗಬೇಡಿ. ಬೇಸಿಗೆಯಲ್ಲಿ ಬಯಲಿಗೆ ಹೋಗುವಾಗ ಕನಿಷ್ಠ ಎರಡು ಲೀಟರ್ ನೀರು ಹೊರಿ, ಮೇಲೆ ಎಲ್ಲೂ ಸಿಗುವುದಿಲ್ಲ. ಶರತ್ಕಾಲ, ಚಳಿಗಾಲದಲ್ಲಿ ಬೇಟೆಯ ಕಾಲವಾದ್ದರಿಂದ ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ತೊಡಿ.

ಹೋಗುವುದು ಹೇಗೆ? ಪ್ಯಾರಿಸಿನ ಓಸ್ತರ್ಲಿಟ್ಸ್ ನಿಲ್ದಾಣದಿಂದ ಕಾಓರ್‌ಗೆ ನೇರ ರೈಲಿದೆ, ಐದು ಗಂಟೆಗೂ ಮಿಕ್ಕಿದ ಪ್ರಯಾಣ. ಕಾಓರ್‌ನಿಂದ ಫಿಜಾಕ್‌ಗೆ ಹೋಗುವ ಬಸ್ಸು ಲೊತ್ ಕಣಿವೆಯ ಗುಂಟ ಓಡುತ್ತದೆ. ಕೊಂದುಶೆ ಬಳಿ ಇಳಿದರೆ ಕಬ್ರೆರೆಗೆ ಒಂದು ತಾಸಿನ ನಡಿಗೆ. ಬಸ್ಸುಗಳು ದಿನಕ್ಕೆ ಕೆಲವೇ ಇರುವುದರಿಂದ ವೇಳಾಪಟ್ಟಿ ನೋಡದೆ ಹೊರಡಬೇಡಿ. ಮೇ, ಜೂನ್, ಸೆಪ್ಟೆಂಬರ್ ಪ್ರಶಸ್ತ ಕಾಲ. ಚಳಿಗಾಲದಲ್ಲಿ ಗುಹೆ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ಆ 700 ಜಾಗಗಳು ಬೇಗ ತುಂಬುತ್ತವೆ. ಆದ್ದರಿಂದ ಪೆಶ್ ಮೆರ್ಲ್‌ನ ಟಿಕೆಟ್ಟನ್ನು ಮೊದಲು ಕಾಯ್ದಿರಿಸಿ, ಆಮೇಲೆ ಆ ದಿನಾಂಕ ನೋಡಿಕೊಂಡು ರೈಲಿನದನ್ನು ತೆಗೆಯಿರಿ.